ಗ್ಲೈಸಿನ್ ಉಪ್ಪಿನ ಹಾಗೆ ಯಾಕೆ ಆಡುತ್ತದೆ?

1820ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಜೆಲಟಿನ್ ತೆಗೆದುಕೊಂಡು ಗಂಧಕಾಮ್ಲದಲ್ಲಿ ಕುದಿಸಿದ. ಸಿಹಿಯಾದ ಹರಳು ಸಿಕ್ಕಿತು. ಜೆಲಟಿನ್ ಸಕ್ಕರೆ ಎಂದು ಕರೆದ. ಅದು ಸಕ್ಕರೆಯಲ್ಲ, ಗ್ಲೈಸಿನ್. ಪ್ರೋಟೀನುಗಳನ್ನು ಕಟ್ಟುವ ಅಮೈನೊ ಆಮ್ಲಗಳಲ್ಲಿ ಎಲ್ಲಕ್ಕಿಂತ ಪುಟ್ಟದು.

ಪುಟ್ಟದಾದರೂ ಇದರ ಬುದ್ಧಿ ಬೇರೆ. ವಿನೆಗರಿಗೆ ಹುಳಿ ಕೊಡುವ ಅಸಿಟಿಕ್ ಆಮ್ಲವೂ ಇಂಥದ್ದೇ ಚಿಕ್ಕ ಅಣು. ಅದರ ಗಡ್ಡೆ 16.6 ಡಿಗ್ರಿ ಸೆಲ್ಸಿಯಸ್‌ಗೇ ಕರಗಿ ನೀರಾಗುತ್ತದೆ. ಗ್ಲೈಸಿನ್ 230 ಡಿಗ್ರಿ ದಾಟುವ ತನಕ ಜಗ್ಗುವುದಿಲ್ಲ. ನೀರಲ್ಲಿ ಸಲೀಸಾಗಿ ಕರಗುತ್ತದೆ, ಈಥರಿನಲ್ಲಿ ಕರಗುವುದೇ ಇಲ್ಲ. ಇದು ಅಡುಗೆ ಉಪ್ಪಿನ ಗುಣ ಅಲ್ವಾ? ಆದರೆ ಉಪ್ಪಿನಲ್ಲಿ ಧನ ಅಯಾನು (ಚಾರ್ಜ್ ಹೊತ್ತ ಕಣ) ಬೇರೆ, ಋಣ ಅಯಾನು ಬೇರೆ. ಇಲ್ಲಿರುವುದು ಒಂದೇ ಅಣು.

ಗ್ಲೈಸಿನ್ನಿನ ಒಂದು ತುದಿ ಆಮ್ಲ, ಇನ್ನೊಂದು ತುದಿ ಪ್ರತ್ಯಾಮ್ಲ. ಆಮ್ಲದ ತುದಿ ತನ್ನ ಪ್ರೋಟಾನನ್ನು, ಅಂದರೆ ಧನ ಚಾರ್ಜಿನ ಹೈಡ್ರೋಜನ್ ಕಣವನ್ನು, ಆ ಕಡೆಯ ತುದಿಗೇ ದಾಟಿಸಿದರೆ? ಇಲ್ಲಿ ಋಣ, ಅಲ್ಲಿ ಧನ, ಒಟ್ಟು ಲೆಕ್ಕ ಸೊನ್ನೆ. ಇಂಥ ಇಬ್ಬಗೆಯ ಅಣುವಿಗೆ 1897ರಲ್ಲಿ ಜರ್ಮನಿಯ ಕ್ಯೂಸ್ಟರ್ 'ಜ್ವಿಟರ್ ಅಯಾನ್' ಎಂದು ಹೆಸರಿಟ್ಟ. ಗಂಡು ಹೆಣ್ಣು ಎರಡೂ ಆಗಿರುವ ಜೀವಿಗೆ ಜರ್ಮನ್ನರು ಜ್ವಿಟರ್ ಅನ್ನುತ್ತಾರೆ. ತಮಾಷೆ ಎಂದರೆ, ಅವನು ಹೆಸರಿಟ್ಟಿದ್ದು ಗ್ಲೈಸಿನ್ನಿಗಲ್ಲ. ಲ್ಯಾಬಿನಲ್ಲಿ ಬಣ್ಣ ಬದಲಿಸುತ್ತದಲ್ಲ, ಆ ಮೀಥೈಲ್ ಆರೆಂಜ್ ಬಗ್ಗೆ ಬರೆಯುವಾಗ.

ಅಮೈನೊ ಆಮ್ಲದ ವಿಷಯದಲ್ಲಿ ಮಾತ್ರ ಹಳೇ ಚಿತ್ರವೇ ನಡೆದುಕೊಂಡು ಬಂತು. ನೀರಿನಲ್ಲಿ ಬಹುಪಾಲು ಅಣುಗಳಿಗೆ ಚಾರ್ಜೇ ಇಲ್ಲ, ಎಲ್ಲೋ ಸ್ವಲ್ಪ ಜ್ವಿಟರ್ ಇರಬಹುದು ಎಂಬ ನಂಬಿಕೆ. ಅದರಲ್ಲೊಂದು ತೊಡಕಿತ್ತು. ಆ ಲೆಕ್ಕದಲ್ಲಿ ಗ್ಲೈಸಿನ್ನಿನ ಆಮ್ಲ ತುದಿ ಅಸಿಟಿಕ್ ಆಮ್ಲಕ್ಕಿಂತ ಹತ್ತಾರು ಸಾವಿರ ಪಟ್ಟು ದುರ್ಬಲ ಎಂದಾಗುತ್ತಿತ್ತು. ಪ್ರತ್ಯಾಮ್ಲದ ತುದಿಯೂ ಹಾಗೇ ಸಪ್ಪೆ. ಯಾಕೆ ಹೀಗೆ?

1923ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬ್ಯೆರುಮ್ ಹೊಸ ಪ್ರಯೋಗಕ್ಕಿಂತ ಜಾಸ್ತಿ ಹಳೇ ಅಂಕಿಗಳನ್ನೇ ತಿರುಗಿಸಿ ಓದಿದ. ಕ್ಷಾರ ಹಾಕಿದಾಗ ಪ್ರೋಟಾನ್ ಬಿಟ್ಟುಕೊಡುವುದು ಆಮ್ಲದ ತುದಿಯಲ್ಲ, ಧನ ಚಾರ್ಜ್ ಹೊತ್ತ ಆ ಕಡೆಯ ತುದಿ! ಅದರ ಪಿಕೆಎ (ಆಮ್ಲದ ಬಲದ ಅಳತೆ, ಅಂಕಿ ಚಿಕ್ಕದಾದಷ್ಟೂ ಬಲ ಜಾಸ್ತಿ) 9.6, ಅದೇ ಬಗೆಯ ಅಮೋನಿಯಂ ಅಯಾನಿನದು 9.25. ಆಮ್ಲದ ತುದಿಯದು 2.34, ಅಸಿಟಿಕ್ ಆಮ್ಲದ 4.76ಕ್ಕಿಂತಲೂ ಬಲಶಾಲಿ. ಎರಡೂ ತಮ್ಮ ನೆಂಟರ ಹಾಗೇ ಇವೆ. ಅಂದರೆ ನೀರಿನಲ್ಲಿ ಹೆಚ್ಚೂಕಡಿಮೆ ಎಲ್ಲ ಅಣುಗಳೂ ಜ್ವಿಟರ್. ಉಪ್ಪಿನ ಗುಣ ಬಂದದ್ದು ಈ ಚಾರ್ಜುಗಳಿಂದಲೇ. ನನಗಂತೂ ಈ ಕಥೆಯಲ್ಲಿ ಇಷ್ಟವಾಗುವುದು ಇದೇ ತಿರುವು. ಮುಂದೆ ಹರಳಿನ ಎಕ್ಸ್-ರೇ ಅಧ್ಯಯನಗಳೂ ಇದನ್ನೇ ಹೇಳಿದವು. ಆವಿಯಲ್ಲಿ ಮಾತ್ರ ಗ್ಲೈಸಿನ್ ಚಾರ್ಜಿಲ್ಲದ ರೂಪದಲ್ಲಿರುತ್ತದೆ. ಎರಡು ಚಾರ್ಜುಗಳನ್ನು ಸಂಭಾಳಿಸಲು ಸುತ್ತ ನೀರೋ, ಹರಳಿನಲ್ಲಿದ್ದ ಹಾಗೆ ನೆರೆಯ ಅಣುಗಳೋ ಬೇಕು.

ಪ್ರೋಟೀನಿಗೂ ಇಂಥದ್ದೇ ಲೆಕ್ಕ. ಹಾಲಿನ ಕೇಸಿನ್ ಮೇಲೆ ಋಣ ಚಾರ್ಜ್ ಜಾಸ್ತಿ, ಹಾಗಾಗಿ ಅದರ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಹುಳಿ ಹೆಚ್ಚಿಸುತ್ತಾ ಹೋಗುತ್ತವೆ. ಪಿಎಚ್ 4.6ರ ಹತ್ತಿರ ಬಂದಾಗ ಧನ, ಋಣ ಸರಿಸಮ. ತಳ್ಳಾಟ ನಿಂತು ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೆಳಿಗ್ಗೆ ಗಟ್ಟಿ ಮೊಸರು.