ಮರೆವಿನ ಸಂಶೋಧನೆಗೆ ಮೂರು ವರ್ಷದ ಅನುದಾನ ಸಾಲದು

ದೇಶದಲ್ಲಿ 60 ವರ್ಷ ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ನೆನಪು, ಯೋಚನಾಶಕ್ತಿ ಕುಂದುತ್ತ ಹೋಗುವ ಮರೆವಿನ ಕಾಯಿಲೆ ಇದೆ. 2023ರಲ್ಲಿ ಪ್ರಕಟವಾದ ಈ ಅಂದಾಜು ಸಿಕ್ಕಿದ್ದು ದೇಶದ ಹಿರಿಯರಲ್ಲಿ ಡಿಮೆನ್ಷಿಯಾ ಎಷ್ಟಿದೆ ಎಂದು ನೋಡಿದ ಲಾಸಿ-ಡ್ಯಾಡ್ ಅಧ್ಯಯನದಿಂದ. ದಿಲ್ಲಿಯ ಏಮ್ಸ್ ಮತ್ತು ಹಲವು ರಾಜ್ಯಗಳ ಆಸ್ಪತ್ರೆಗಳು ಅದಕ್ಕೆ ದುಡಿದವು. ಹಣ ಕೊಟ್ಟಿದ್ದು ಮಾತ್ರ ಅಮೆರಿಕ ಸರ್ಕಾರದ ವೃದ್ಧಾಪ್ಯ ಸಂಶೋಧನಾ ಸಂಸ್ಥೆ. ನಮ್ಮ ಮನೆಗಳ ಹಿರಿಯರನ್ನು ಎಣಿಸಲು ಹೊರಗಿನ ದುಡ್ಡು ಬೇಕಾಯಿತಲ್ಲ ಎಂಬುದು ನನಗೆ ನೋವಿನ ಸಂಗತಿ.

ಹಾಗೆಂದು ನಮ್ಮ ಸರ್ಕಾರ ಕೈಕಟ್ಟಿ ಕೂತಿಲ್ಲ. ನೆನಪು, ಮಾತು, ಗಮನವನ್ನು ಅಳೆಯುವ ಪರೀಕ್ಷೆಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿ ಐದು ಭಾಷೆಗಳಲ್ಲಿ, ಓದು ಬಾರದವರಿಗೂ ಒಗ್ಗುವಂತೆ ರೂಪಿಸಿತು. ಇದರ ಬೆಲೆ ಹೊರರೋಗಿ ವಿಭಾಗದಲ್ಲಿ ಕೂತವರಿಗೆ ಗೊತ್ತು. ಹಳೆಯ ವಿದೇಶಿ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಬೇಕು, ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು. ಪೆನ್ನು ಹಿಡಿಯದ ಅಜ್ಜಿ ಅಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ‘ಇದು ಯಾವ ತಿಂಗಳಜ್ಜಿ?’ ಎಂದರೆ, ‘ಶ್ರಾವಣ ಕಣಮ್ಮ, ಬರೋ ವಾರ ಗೌರಿ ಹಬ್ಬ’ ಎನ್ನುತ್ತಾರೆ. ಉತ್ತರ ಸರಿಯೇ ಇದೆ, ಆದರೆ ಫಾರಂನಲ್ಲಿ ಇಂಗ್ಲಿಷ್ ತಿಂಗಳು ಬೇಕು. ಇಂಥ ಕಡೆ ಎಡವಿದರೆ ಕಾಯಿಲೆ ಇಲ್ಲದವರಿಗೂ ರೋಗದ ಹಣೆಪಟ್ಟಿ ಬೀಳುತ್ತದೆ. ಹಳ್ಳಿಯವರಲ್ಲಿ, ಹೆಂಗಸರಲ್ಲಿ, ಶಾಲೆಗೆ ಹೋಗದವರಲ್ಲಿಯೇ ಈ ಕಾಯಿಲೆ ಹೆಚ್ಚು ಕಂಡುಬಂದಿರುವಾಗ ಅಳತೆಗೋಲು ಸರಿಯಿರಲೇಬೇಕು.

ತೊಡಕಿರುವುದು ಅನುದಾನದ ಅವಧಿಯಲ್ಲಿ. ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಅಲ್ಝೈಮರ್ ಕಾಯಿಲೆಯಲ್ಲಿ ಮರೆವು ಕಾಣಿಸಿಕೊಳ್ಳುವ 15–20 ವರ್ಷ ಮೊದಲೇ ಮೆದುಳಿನಲ್ಲಿ ಅಮಿಲಾಯ್ಡ್ ಪ್ರೋಟೀನ್ ಶೇಖರವಾಗತೊಡಗುತ್ತದೆ. ಅನುದಾನ ಸಿಗುವುದು ಸಾಮಾನ್ಯವಾಗಿ ಮೂರು ವರ್ಷಕ್ಕೆ. ಮೊದಲ ವರ್ಷ ನೈತಿಕ ಸಮಿತಿಯ ಒಪ್ಪಿಗೆ, ನೇಮಕಾತಿ, ತರಬೇತಿಯಲ್ಲೇ ಮುಗಿಯುತ್ತದೆ. ಕೊನೆಯ ವರ್ಷ ವರದಿ, ಖರ್ಚಿನ ಲೆಕ್ಕದಲ್ಲಿ. ಅವಧಿ ಮುಗಿದೊಡನೆ, ಮನೆಮನೆಯ ವಿಶ್ವಾಸ ಗಳಿಸಿದ ಕ್ಷೇತ್ರ ಸಿಬ್ಬಂದಿ ಬೇರೆ ಕೆಲಸ ಹುಡುಕಿ ಹೊರಡುತ್ತಾರೆ.

ದೀರ್ಘಕಾಲದ ಹಣವಿದ್ದರೆ ಏನಾಗಬಲ್ಲದು ಎಂಬುದಕ್ಕೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರವನ್ನು ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ 10 ಸಾವಿರ ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ರಕ್ತ, ವಂಶವಾಹಿ, ಎಂಆರ್‌ಐ, ನೆನಪಿನ ಪರೀಕ್ಷೆ, ಎಲ್ಲವೂ ಉಂಟು. ಈ ಸಂಶೋಧನಾ ಕೇಂದ್ರದ ಬೆನ್ನಿಗೆ ನಿಂತಿರುವುದು ಇನ್ಫೊಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್. ದಾನಿಗಳಿಗೆ ನಾವು ಋಣಿಗಳು. ಆದರೆ ಪ್ರತಿ ರಾಜ್ಯಕ್ಕೂ ಇಂಥದೊಂದು ಅಧ್ಯಯನ ಬೇಕು, ಎಲ್ಲ ಕಡೆ ದಾನಿಗಳು ಸಿಗುವುದಿಲ್ಲ.

ಹತ್ತು ವರ್ಷದ ಅನುದಾನ ಕೊಡಲಿ, ನಡುವೆ ಕಟ್ಟುನಿಟ್ಟಾಗಿ ಪರಿಶೀಲಿಸಲಿ ಎಂಬುದು ನನ್ನ ಬೇಡಿಕೆ. ರಾಜ್ಯ ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಲಿನಿಕ್‌ಗಳಿವೆ. ಅಲ್ಲಿ ಪತ್ತೆಯಾದ ಪ್ರತಿ ರೋಗಿಯ ವಿವರವನ್ನು ಒಂದೇ ಮಾದರಿಯಲ್ಲಿ ದಾಖಲಿಸಿ, ವರ್ಷಕ್ಕೊಮ್ಮೆ ಮನೆಗೆ ಹೋಗಿ ವಿಚಾರಿಸಲು ಕ್ಲಿನಿಕ್‌ಗೊಬ್ಬ ಕಾಯಂ ಸಿಬ್ಬಂದಿಯನ್ನು ಕೊಟ್ಟರೂ ಸಂಶೋಧನೆಗೆ ದೊಡ್ಡ ಆಧಾರ ಸಿಗುತ್ತದೆ. ಅಷ್ಟನ್ನು ಮುಂದಿನ ಬಜೆಟ್‌ನಲ್ಲೇ ಮಾಡಬಹುದು.