ಹಳೇ ರೊಮೇನಿಯನ್ ರೆಕಾರ್ಡುಗಳ ಮೇಲೆಲ್ಲ ಒಂದೇ ಹೆಸರು ಯಾಕೆ?

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಹಳೇ ರೊಮೇನಿಯನ್ ಸಂಗೀತ ಹುಡುಕಿ ಹುಡುಕಿ ಕೇಳ್ತೀನಿ. ಜಾನಪದ ಇರಲಿ, ರಾಕ್ ಇರಲಿ, ಪಿಯಾನೊ ಇರಲಿ, ರೆಕಾರ್ಡಿನ ಚಿತ್ರದ ಮೇಲೆ ‘ಎಲೆಕ್ಟ್ರೆಕಾರ್ಡ್’ ಅಂತಲೇ ಇರುತ್ತೆ. ಇಡೀ ದೇಶಕ್ಕೆ ಇದ್ದದ್ದು ಒಂದೇ ಕಂಪನಿನಾ?

ಹೌದು, ಸುಮಾರು 40 ವರ್ಷ ಒಂದೇ ಕಂಪನಿ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಅಲ್ಲಿಂದ 1989ರ ಡಿಸೆಂಬರ್‌ನಲ್ಲಿ ಸರ್ವಾಧಿಕಾರಿ ಚೌಷೆಸ್ಕು ಬೀಳುವವರೆಗೆ ರೊಮೇನಿಯಾದಲ್ಲಿ ರೆಕಾರ್ಡು ಹೊರತರುತ್ತಿದ್ದದ್ದು ಎಲೆಕ್ಟ್ರೆಕಾರ್ಡ್ ಎಂಬ ಸರ್ಕಾರಿ ಕಂಪನಿ ಮಾತ್ರ. ಹಾಗಾಗಿ ನೀವು ಕೇಳುತ್ತಿರುವುದು ಒಂದೇ ಬಾಗಿಲು ದಾಟಿ ಬಂದ ಸಂಗೀತ. ಆ ಬಾಗಿಲಲ್ಲಿ ಯಾರು ಒಳಗೆ ಬಂದರು, ಯಾರು ಹೊರಗೆ ನಿಂತರು ಅನ್ನೋದು ಗೊತ್ತಿದ್ದರೆ ಅದೇ ಹಾಡು ಬೇರೆಯಾಗಿ ಕೇಳಿಸುತ್ತೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶುರುವಿನಲ್ಲಿ ಹೀಗಿರಲಿಲ್ಲ. 1930ರ ದಶಕದಲ್ಲಿ ರಾಜಧಾನಿ ಬುಕಾರೆಸ್ಟ್‌ನ ಅಂಗಡಿಗಳಲ್ಲಿ ಕೊಲಂಬಿಯಾ, ಓಡಿಯನ್, ಹಿಸ್ ಮಾಸ್ಟರ್ಸ್ ವಾಯ್ಸ್ ಎಲ್ಲವೂ ಸಿಗುತ್ತಿದ್ದವು. ನಮ್ಮ ಅಜ್ಜ ಅಜ್ಜಿಯರ ಕಾಲದ ನಾಯಿ ಗುರುತಿನ ಪ್ಲೇಟು ಗೊತ್ತಲ್ವಾ, ಅದೇ. ಊರಿನ ಹೋಟೆಲುಗಳಲ್ಲಿ ಟ್ಯಾಂಗೊ ಹುಚ್ಚು. ಜಾನ್ ಮೊಸ್ಕೊಪೊಲ್ ಎಂಬ ಹಾಡುಗಾರ ಆ ಕಾಲದ ದೊಡ್ಡ ಹೆಸರು, ಬರ್ಲಿನ್‌ಗೆ ಹೋಗಿ ಹಾಡು ಮುದ್ರಿಸಿ ಬರುತ್ತಿದ್ದರು. ಎಲೆಕ್ಟ್ರೆಕಾರ್ಡ್ 1932ರಲ್ಲಿ ಹುಟ್ಟಿದ್ದು ಇವರೆಲ್ಲರ ನಡುವೆ, ಒಂದು ಖಾಸಗಿ ಕಂಪನಿಯಾಗಿ.

ಆ ಕಾಲದಲ್ಲೇ ಮರಿಯಾ ತನಾಸೆ ಬಂದರು. 1913ರಲ್ಲಿ ಬುಕಾರೆಸ್ಟ್‌ನಲ್ಲಿ ಹುಟ್ಟಿದವರು. ಹಳ್ಳಿ ಹಳ್ಳಿ ತಿರುಗಿ ಹಾಡು ಸಂಗ್ರಹಿಸುತ್ತಿದ್ದ ಹ್ಯಾರಿ ಬ್ರೌನರ್ ಅವರ ಜೊತೆ ಸೇರಿ ಜಾನಪದ ಹಾಡುಗಳನ್ನು ಆರಿಸಿಕೊಂಡು ಕೊಲಂಬಿಯಾಗೆ ಹಾಡಿದರು. ಆ ದನಿಯಲ್ಲಿ ಒಂದು ಒರಟುತನ ಇದೆ, ಮನೆಯಲ್ಲಿ ಯಾರೋ ನೊಂದು ಮಾತಾಡಿದ ಹಾಗೆ. 1939ರಲ್ಲಿ ನ್ಯೂಯಾರ್ಕ್‌ನ ವಿಶ್ವ ಮೇಳದಲ್ಲಿ ಹಾಡಿ ಬಂದರು. ಮರುವರ್ಷ ದೇಶದಲ್ಲಿ ಫ್ಯಾಸಿಸ್ಟರ ಕೈ ಮೇಲಾಯಿತು. ಬುಕಾರೆಸ್ಟ್ ರೇಡಿಯೊದಲ್ಲಿ, ಕೊಲಂಬಿಯಾದಲ್ಲಿ ಇದ್ದ ಅವರ ರೆಕಾರ್ಡುಗಳನ್ನು ನಾಶ ಮಾಡಿದರು. ನಿಜವಾದ ಜಾನಪದವನ್ನು ಕೆಡಿಸುತ್ತಾಳೆ ಅನ್ನೋದು ಹೇಳಿದ ಕಾರಣ. ಅವರ ಸ್ನೇಹಿತರಲ್ಲಿ ಬ್ರೌನರ್ ಸೇರಿ ಹಲವರು ಯಹೂದಿಗಳು, ಎಡಪಂಥೀಯರು ಅನ್ನೋದು ಹೇಳದ ಕಾರಣ. ಹಾಡು ತಡೆಯುವ ಕೆಲಸ ಕಮ್ಯುನಿಸ್ಟರಿಂದಲೇ ಶುರುವಾಯಿತು ಅಂದುಕೊಳ್ಳಬೇಡಿ. ಅದಕ್ಕೂ ಮೊದಲೇ ನಡೆದಿತ್ತು.

ಇಲ್ಲಿ ಒಂದು ರೆಕಾರ್ಡಿಂಗ್ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 1943, ಯುದ್ಧದ ನಡುವಿನ ಬುಕಾರೆಸ್ಟ್. ಪಿಟೀಲಿನಲ್ಲಿ ಜಾರ್ಜ್ ಎನೆಸ್ಕು, ವಯಸ್ಸು 60 ದಾಟಿದೆ. ಪಿಯಾನೊದಲ್ಲಿ ದಿನು ಲಿಪಾಟ್ಟಿ, 26ರ ಆಸುಪಾಸಿನ ಹುಡುಗ. ಅವನ ನಾಮಕರಣಕ್ಕೆ ಧರ್ಮಪಿತರಾಗಿ ನಿಂತವರು ಇದೇ ಎನೆಸ್ಕು. ನುಡಿಸಿದ್ದು ಎನೆಸ್ಕು 1926ರಲ್ಲಿ ಬರೆದ ಮೂರನೇ ಪಿಟೀಲು ಸೊನಾಟಾ. ‘ರೊಮೇನಿಯದ ಜನಪದ ಗುಣದಲ್ಲಿ’ ಎಂದು ಅದರ ಹೆಸರಿನಲ್ಲೇ ಇದೆ. ಇಡೀ ಕೃತಿಯಲ್ಲಿ ಒಂದೂ ಹಳ್ಳಿ ಹಾಡನ್ನು ಎತ್ತಿಕೊಂಡಿಲ್ಲ. ಆದರೂ ಎರಡನೇ ಭಾಗ ಕೇಳಿ. ಪಿಯಾನೊ ಒಂದೇ ಸ್ವರವನ್ನು ತಟ್ಟುತ್ತಾ ಇರುತ್ತೆ, ರಾತ್ರಿ ಎಲ್ಲೋ ಒಂದು ಹುಳು ಕೂಗಿದ ಹಾಗೆ. ಅದರ ಮೇಲೆ ಪಿಟೀಲು ಕೊಳಲಿನಂತೆ ತೆಳ್ಳಗೆ ಬರುತ್ತೆ. ಸ್ವರದಿಂದ ಸ್ವರಕ್ಕೆ ನೇರವಾಗಿ ಹೋಗುವುದಿಲ್ಲ, ಜಾರುತ್ತೆ, ನಡುವೆ ನಿಲ್ಲುತ್ತೆ. ಗಮಕ ಕೇಳಿ ಬೆಳೆದ ಕಿವಿಗೆ ಇದು ಹೊಸದಲ್ಲ. ರೆಕಾರ್ಡಿಂಗ್‌ನಲ್ಲಿ ಸದ್ದು, ಗೊರಗೊರ ಎಲ್ಲ ಇದೆ. ನಾನು ಮೊದಲ ಸಲ ಕೇಳಿದಾಗ ಎರಡು ನಿಮಿಷದಲ್ಲೇ ಆ ಗೊರಗೊರ ಮರೆತೇ ಹೋಯಿತು. ಅದಾಗಿ ಏಳು ವರ್ಷಕ್ಕೆ ಲಿಪಾಟ್ಟಿ ತೀರಿಕೊಂಡರು, 33ನೇ ವಯಸ್ಸಿನಲ್ಲಿ. ಎನೆಸ್ಕು ಯುದ್ಧದ ನಂತರ ದೇಶ ಬಿಟ್ಟವರು ಮತ್ತೆ ವಾಪಸ್ ಬರಲಿಲ್ಲ. ಮುಂದೆ ಈ ರೆಕಾರ್ಡಿಂಗನ್ನು ಎಲ್ಪಿಯಾಗಿ ತಂದು ಉಳಿಸಿದ್ದು ಎಲೆಕ್ಟ್ರೆಕಾರ್ಡ್. ಅದಕ್ಕೆ ಆ ಕಂಪನಿಗೆ ನಾನು ಋಣಿ.

1948ರಲ್ಲಿ ಹೊಸ ಸರ್ಕಾರ ಕಾರ್ಖಾನೆ, ಬ್ಯಾಂಕು, ಗಣಿ ಎಲ್ಲವನ್ನೂ ವಶಕ್ಕೆ ತೆಗೆದುಕೊಂಡಿತು. ಆ ದಿನಗಳಲ್ಲೇ ಎಲೆಕ್ಟ್ರೆಕಾರ್ಡ್ ಕೂಡ ಸರ್ಕಾರದ ಪಾಲಾಯಿತು. ವಿದೇಶಿ ಕಂಪನಿಗಳು ಹೋದವು. ಹಾಡಿನ ಸಾಹಿತ್ಯವನ್ನು ಮೊದಲೇ ಓದಿ ಒಪ್ಪಿಗೆ ಕೊಡುವವರು ಬಂದರು. ನಿಮ್ಮ ಕೈಗೆ ಹಳೇ ಎಲ್ಪಿ ಸಿಕ್ಕರೆ ನಡುವಿನ ಲೇಬಲ್ ಮೇಲಿನ ಸಂಖ್ಯೆ ನೋಡಿ. ಅದರಲ್ಲಿ ಇಸಿಇ ಅಂತಿದ್ದರೆ ಶಾಸ್ತ್ರೀಯ, ಇಪಿಇ ಅಂತಿದ್ದರೆ ಜಾನಪದ, ಇಡಿಇ ಅಂತಿದ್ದರೆ ಲಘು ಸಂಗೀತ. ರಾಕ್ ಕೂಡ ಇದೇ ಇಡಿಇ ಡಬ್ಬದೊಳಗೆ. ಸಂಗೀತ ಯಾವುದೇ ಇರಲಿ, ಈ ಯಾವುದಾದರೂ ಒಂದು ಡಬ್ಬದಲ್ಲಿ ಕೂರಬೇಕಿತ್ತು.

ಡಬ್ಬದಲ್ಲಿ ಸರಿಯಾಗಿ ಕೂರದವರು ಅಂದರೆ ಲೌತಾರರು. ಮದುವೆ, ಹಬ್ಬ, ಸಾವು ಎಲ್ಲಕ್ಕೂ ನುಡಿಸುವ ವೃತ್ತಿ ಸಂಗೀತಗಾರರು, ಹೆಚ್ಚಿನವರು ರೋಮಾ ಜನ. ಈ ರೋಮಾಗಳ ಪೂರ್ವಿಕರು ನಮ್ಮ ಉತ್ತರ ಭಾರತದಿಂದ ಹೋದವರು. ಅವರ ಭಾಷೆಯಲ್ಲಿ ಇವತ್ತಿಗೂ ನೀರಿಗೆ ‘ಪಾನಿ’, ಮನುಷ್ಯನಿಗೆ ‘ಮನುಷ್’. ರೊಮೇನಿಯದ ನೆಲದಲ್ಲಿ 1856ರವರೆಗೆ ಅವರು ಗುಲಾಮರಾಗಿದ್ದರು, ಮಾರಾಟವಾಗುತ್ತಿದ್ದರು. ಕಮ್ಯುನಿಸ್ಟರ ಕಾಲದಲ್ಲಿ ಅವರನ್ನು ಒಂದು ಪ್ರತ್ಯೇಕ ಜನಾಂಗ ಅಂತ ಒಪ್ಪಲಿಲ್ಲ. ಸರ್ಕಾರಕ್ಕೆ ಬೇಕಿದ್ದ ಜಾನಪದ ಬೇರೆ ಥರ: ದೊಡ್ಡ ವಾದ್ಯಗೋಷ್ಠಿ, ಎಲ್ಲರಿಗೂ ಕಸೂತಿ ಹಾಕಿದ ಒಂದೇ ಅಂಗಿ, ಮುಂದೆ ಕೋಲು ಹಿಡಿದ ನಿರ್ದೇಶಕ. ಲೌತಾರರ ತರಾಫ್ ಅಂದರೆ ನಾಲ್ಕೈದು ಜನ. ಒಬ್ಬ ಪಿಟೀಲು, ಒಬ್ಬ ಅಕಾರ್ಡಿಯನ್, ಒಬ್ಬ ತ್ಸಂಬಾಲ್. ತ್ಸಂಬಾಲ್ ಅಂದರೆ ಸಂತೂರಿನ ದೊಡ್ಡಣ್ಣ ಅನ್ನಿ. ಅವರಲ್ಲಿ ಯಾರೂ ಕಾಗದ ನೋಡುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುತ್ತಾರೆ.

ಆದರೂ ಎಲೆಕ್ಟ್ರೆಕಾರ್ಡ್ ಇವರಲ್ಲಿ ಕೆಲವರನ್ನು ಬಹಳ ಚೆನ್ನಾಗಿ ಮುದ್ರಿಸಿತು. ರೊಮಿಕಾ ಪುಚಾನು, ಗಾಬಿ ಲುಂಕಾ, ದೊನಾ ದುಮಿತ್ರು ಸಿಮಿನಿಕಾ. ಪುಚಾನು ಅವರ ಹಾಡು ಕೇಳಿದರೆ ಅವಸರವೇ ಇಲ್ಲ. ತಾಳ ಮುಂದೆ ಹೋಗುತ್ತಿರುತ್ತೆ, ಅವರು ತಮ್ಮ ಪಾಡಿಗೆ ಒಂದು ಹೆಜ್ಜೆ ಹಿಂದೆ ಬರುತ್ತಾರೆ, ಕೊನೆಗೆ ಸಮಕ್ಕೆ ಸರಿಯಾಗಿ ಸೇರುತ್ತಾರೆ. ಸುಮ್ನೆ ಕಣ್ಣು ಮುಚ್ಚಿ ಒಂದು ಹಾಡು ಕೇಳಿ ನೋಡಿ.

ಆ ಬಾಗಿಲು ದಾಟುವುದು ಎಷ್ಟು ಕಷ್ಟ ಇತ್ತು ಅನ್ನೋದಕ್ಕೆ ಲೌತಾರರ ನಡುವೆ ಒಂದು ಕಥೆ ಓಡಾಡುತ್ತೆ. ಇಯೊನ್ ಪೆತ್ರೆ ಸ್ತೊಯ್ಕಾನ್ ಮದುವೆಗಳಲ್ಲಿ ಪಿಟೀಲು ನುಡಿಸುತ್ತಿದ್ದವರು. 1960ರ ದಶಕದಲ್ಲಿ ಅವರು ಬೀದಿಯಲ್ಲಿ ಒಬ್ಬ ಗೂಢಚಾರನನ್ನು ಗುರುತು ಹಿಡಿದು ಅಧಿಕಾರಿಗಳಿಗೆ ತಿಳಿಸಿದರಂತೆ. ‘ಏನು ಬೇಕು ಕೇಳು’ ಅಂದರಂತೆ ಅಧಿಕಾರಿಗಳು. ಮನೆ ಕೇಳಬಹುದಿತ್ತು, ಕಾರು ಕೇಳಬಹುದಿತ್ತು. ಸ್ತೊಯ್ಕಾನ್ ಮಾತ್ರ ಒಂದು ರೆಕಾರ್ಡು ಮಾಡಿಸಿ ಅಂದರಂತೆ. ಕಥೆ ಹೇಗೇ ಇರಲಿ, ರೆಕಾರ್ಡು ಮಾತ್ರ ಕಣ್ಣೆದುರಿಗಿದೆ. 1977ರ ಅವರ ಎಲ್ಪಿಯಲ್ಲಿ ತ್ಸಂಬಾಲ್ ನುಡಿಸಿರುವುದು ಟೋನಿ ಯೊರ್ದಾಕೆ. ಅಷ್ಟು ವೇಗದಲ್ಲೂ ಅವರ ಒಂದೊಂದು ಪೆಟ್ಟೂ ಬಿಡಿ ಬಿಡಿಯಾಗಿ ಕೇಳಿಸುತ್ತೆ.

ರಾಕ್ ಕಥೆ ಇನ್ನೊಂದು ಥರ. ತಿಮಿಶೊವಾರಾ ಊರಿನಲ್ಲಿ 1962ರಲ್ಲಿ ಶುರುವಾದ ಫೀನಿಕ್ಸ್ ತಂಡ ಮೊದಲು ನುಡಿಸುತ್ತಿದ್ದದ್ದು ಇಂಗ್ಲಿಷ್ ಬೀಟ್ ಸಂಗೀತ. 1971ರಲ್ಲಿ ಚೌಷೆಸ್ಕು ಚೀನಾ, ಉತ್ತರ ಕೊರಿಯಾ ನೋಡಿಕೊಂಡು ಬಂದ. ಅದೇ ಜುಲೈನಲ್ಲಿ ಸಂಸ್ಕೃತಿಗೆ ಬಿಗಿ ಹಿಡಿತದ ಆದೇಶ ಬಂತು. ಪಶ್ಚಿಮದ ಅನುಕರಣೆ ಬೇಡ, ನಾಡಿನದು ಇರಲಿ ಅಂತ. ಫೀನಿಕ್ಸ್ ತಂಡದ ಮುಖ್ಯಸ್ಥ ನಿಕೊಲಾಯೆ ಕೊವಾಚ್ ಮತ್ತು ಗೆಳೆಯರು ಆ ಆದೇಶವನ್ನೇ ಹಿಡಿದುಕೊಂಡು ನಾಡಿನ ಇನ್ನೂ ಹಿಂದಕ್ಕೆ ಹೋದರು. ಕ್ರೈಸ್ತ ಧರ್ಮಕ್ಕೂ ಮುಂಚಿನ ಆಚರಣೆ, ಮಂತ್ರ, ಮಾಯಾ ಪ್ರಾಣಿಗಳು. ಅದನ್ನೆಲ್ಲ ಎಲೆಕ್ಟ್ರಿಕ್ ಗಿಟಾರಿಗೆ ತಂದರು. 1972, 1974, 1975ರಲ್ಲಿ ಮೂರು ಆಲ್ಬಂ, ಮೂರೂ ಎಲೆಕ್ಟ್ರೆಕಾರ್ಡ್‌ನಿಂದಲೇ. ಮೂರನೆಯದು ಎರಡು ಎಲ್ಪಿಗಳ ಕಟ್ಟು, ‘ಕಾಂತಾಫಾಬುಲೆ’. ಹೊದಿಕೆ ಮೇಲೆ ‘ಕಾಂತೊಫಾಬುಲೆ’ ಎಂದು ಒಂದು ಅಕ್ಷರ ತಪ್ಪಾಗಿ ಅಚ್ಚಾಯಿತು. ಇವತ್ತಿಗೂ ಎರಡೂ ಹೆಸರು ಓಡಾಡುತ್ತವೆ.

ಕೊವಾಚ್ ಡಚ್ ಮಹಿಳೆಯೊಬ್ಬರನ್ನು ಮದುವೆಯಾಗಿ 1976ರಲ್ಲಿ ದೇಶ ಬಿಟ್ಟರು. 1977ರ ಮಾರ್ಚ್ 4ರಂದು ಭಾರೀ ಭೂಕಂಪವಾಗಿ 1,500ಕ್ಕೂ ಜಾಸ್ತಿ ಜನ ಸತ್ತರು. ಆಗ ಅವರು ನೆರವಿನ ಸಾಮಾನು ತೆಗೆದುಕೊಂಡು ವಾಪಸ್ ಬಂದರು. ಹೋಗುವಾಗ ತಂಡದ ಗೆಳೆಯರನ್ನು ದೊಡ್ಡ ಮಾರ್ಷಲ್ ಸ್ಪೀಕರ್ ಡಬ್ಬಗಳೊಳಗೆ ಕೂರಿಸಿ ಗಡಿ ದಾಟಿಸಿದರು. ಒಳಗಿನ ಸ್ಪೀಕರ್ ತೆಗೆದ ಖಾಲಿ ಡಬ್ಬ, ಅದರಲ್ಲಿ ಮಂಡಿ ಮಡಚಿ ಉಸಿರು ಬಿಗಿಹಿಡಿದು ಕೂತ ಮನುಷ್ಯ. ಗಾಯಕ ಮಿರ್ಚಾ ಬನಿಚು ಹೋಗಲಿಲ್ಲ, ಊರಲ್ಲೇ ಉಳಿದರು. ಆಮೇಲೆ ಫೀನಿಕ್ಸ್ ಹಾಡು ರೇಡಿಯೊದಿಂದ ಮಾಯವಾಯಿತು. ಮನೆಗಳಲ್ಲಿದ್ದ ಎಲ್ಪಿಗಳನ್ನು ಮಾತ್ರ ಯಾರಿಗೂ ಮಾಯ ಮಾಡಲು ಆಗಲಿಲ್ಲ.

ಪೂರ್ತಿ ಹೊರಗೇ ಉಳಿದವರೂ ಇದ್ದಾರೆ. ಕ್ಲುಜ್ ಊರಿನ ರೊದಿಯೊನ್ ರೊಷ್ಕಾ ಮನೆಯಲ್ಲೇ ರೀಲ್ ಟೇಪ್ ರೆಕಾರ್ಡರುಗಳನ್ನು ಜೋಡಿಸಿಕೊಂಡು, ಒಂದರಲ್ಲಿ ಮುದ್ರಿಸಿದ್ದನ್ನು ಇನ್ನೊಂದಕ್ಕೆ ಹರಿಸುತ್ತಾ, ಪ್ರತಿ ಸುತ್ತಿಗೂ ಒಂದು ಹೊಸ ಪದರ ಸೇರಿಸುತ್ತಾ ಹಾಡು ಕಟ್ಟಿದರು. ಆ ಎಲೆಕ್ಟ್ರಾನಿಕ್ ರಾಕ್‌ನಲ್ಲಿ ಎಲೆಕ್ಟ್ರೆಕಾರ್ಡ್ ಹೊರತಂದದ್ದು ಎರಡು ಹಾಡು, ಅದೂ 1981ರ ಒಂದು ಸಂಕಲನದಲ್ಲಿ. ಉಳಿದ ಟೇಪುಗಳಿಂದ ಒಂದು ಆಲ್ಬಂ ಬಂದದ್ದು 2013ರಲ್ಲಿ, ಲಂಡನ್ನಿನಿಂದ.

ಜನ ಸುಮ್ಮನೆ ಕೂತಿರಲಿಲ್ಲ. ಕೊರ್ನೆಲ್ ಕಿರಿಯಾಕ್ ಎಂಬ ಯುವಕ ರೊಮೇನಿಯನ್ ರೇಡಿಯೊದಲ್ಲಿ ‘ಮೆಟ್ರೊನೊಮ್’ ಎಂಬ ಕಾರ್ಯಕ್ರಮ ನಡೆಸಿ ಹೊಸ ಪಾಪ್, ರಾಕ್ ಕೇಳಿಸುತ್ತಿದ್ದರು. ಅದು ನಿಂತಿತು. 1969ರಲ್ಲಿ ಅವರು ದೇಶ ಬಿಟ್ಟು, ಮ್ಯೂನಿಕ್‌ನಿಂದ ಅಮೆರಿಕದ ಹಣದಲ್ಲಿ ನಡೆಯುತ್ತಿದ್ದ ರೇಡಿಯೊ ಫ್ರೀ ಯುರೋಪ್ ಮೂಲಕ ಮುಂದುವರಿಸಿದರು. ಊರಿನ ಹುಡುಗರು ರಾತ್ರಿ ರೇಡಿಯೊಗೆ ಕಿವಿ ಹಚ್ಚಿ ಟೇಪ್ ಮಾಡಿಕೊಳ್ಳುತ್ತಿದ್ದರು. 1975ರಲ್ಲಿ ಮ್ಯೂನಿಕ್‌ನಲ್ಲೇ ಅವರ ಕೊಲೆಯಾಯಿತು. 1980ರ ದಶಕಕ್ಕೆ ಕ್ಯಾಸೆಟ್ ಬಂತು. ಮದುವೆ ತಂಡಗಳು ತಮ್ಮ ಹಾಡನ್ನು ತಾವೇ ಮುದ್ರಿಸಿದವು, ಒಂದರಿಂದ ಇನ್ನೊಂದಕ್ಕೆ ನಕಲಾಗಿ ಊರೂರು ತಲುಪಿತು. ಎಲೆಕ್ಟ್ರೆಕಾರ್ಡ್‌ನ ಒಪ್ಪಿಗೆ ಯಾರಿಗೂ ಬೇಕಾಗಲಿಲ್ಲ. ಮುಂದೆ ‘ಮನೆಲೆ’ ಅಂತ ಹೆಸರಾದ ಜನಪ್ರಿಯ ಕುಣಿತದ ಸಂಗೀತ ಬೆಳೆದದ್ದು ಈ ಕ್ಯಾಸೆಟ್ಟುಗಳಲ್ಲೇ.

ಇನ್ನೊಂದು ಮಾತು. ಎಲೆಕ್ಟ್ರೆಕಾರ್ಡ್ ಹುಡುಕುವಾಗ ಹಿಂದಿ ಹಾಡು ಎದುರಾದರೆ ಗಾಬರಿಯಾಗಬೇಡಿ. ರಾಜ್ ಕಪೂರ್ ಅವರ ‘ಆವಾರಾ’ ಅಲ್ಲಿ ಅಷ್ಟು ಓಡಿತ್ತು. ನಾರ್ಗಿತಾ ಎಂಬ ರೊಮೇನಿಯನ್ ಗಾಯಕಿ ಹಿಂದಿ ಸಿನಿಮಾ ಹಾಡುಗಳನ್ನು ಹಿಂದಿಯಲ್ಲೇ ಹಾಡಿ ಹೆಸರಾದರು, ಅವರ ರೆಕಾರ್ಡುಗಳು ಬಂದದ್ದು ಇದೇ ಕಂಪನಿಯಿಂದ. ಎದುರು ದಾರಿಯೂ ಇದೆ. ‘ಬರ್ಸಾತ್’ ಸಿನಿಮಾದ ಆ ಪಿಟೀಲು ರಾಗ ನೆನಪಿದೆಯಾ? ಅದು ಇವಾನೊವಿಚ್ ಎಂಬ ರೊಮೇನಿಯನ್ ಮಿಲಿಟರಿ ಬ್ಯಾಂಡ್ ನಿರ್ದೇಶಕ 1880ರಲ್ಲಿ ರಚಿಸಿದ, ಡ್ಯಾನ್ಯೂಬ್ ನದಿಯ ಅಲೆಗಳ ಮೇಲಿನ ವಾಲ್ಟ್ಸ್.

1989ರ ನಂತರ ಖಾಸಗಿ ಕಂಪನಿಗಳು ಬಂದವು. ಎಲೆಕ್ಟ್ರೆಕಾರ್ಡ್ ಇವತ್ತೂ ಇದೆ, ಹಲವರಲ್ಲಿ ಒಂದಾಗಿ. ಹೊರಗೆ ನಿಂತವರ ಸರದಿಯೂ ಬಂತು. ಬುಕಾರೆಸ್ಟ್‌ಗೆ ಹತ್ತಿರದ ಕ್ಲೆಜಾನಿ ಹಳ್ಳಿಯ ಲೌತಾರರನ್ನು ಸಂಶೋಧಕಿ ಸ್ಪೆರಾಂತ್ಸಾ ರದುಲೆಸ್ಕು 1980ರ ದಶಕದಲ್ಲೇ ಮುದ್ರಿಸಿಕೊಂಡಿದ್ದರು. ಆ ಹಳ್ಳಿಯ ತಂಡ ‘ತರಾಫ್ ದೆ ಹೈದೂಕ್ಸ್’ ಎಂಬ ಹೆಸರಿನಲ್ಲಿ 1991ರಲ್ಲಿ ಬೆಲ್ಜಿಯಂನ ಒಂದು ಕಂಪನಿಗೆ ಮೊದಲ ಆಲ್ಬಂ ಮಾಡಿತು. ಅದರಲ್ಲಿ ನಿಕೊಲಾಯೆ ನಾಕ್ಷು ಎಂಬ ಅಜ್ಜ ಚೌಷೆಸ್ಕು ಬಿದ್ದ ಕಥೆಯನ್ನು ಲಾವಣಿಯಾಗಿ ಹಾಡುತ್ತಾರೆ. ಕಮಾನು ಕೆಳಗಿಟ್ಟಿದ್ದಾರೆ. ಪಿಟೀಲಿನ ತಂತಿಗೆ ಕುದುರೆ ಬಾಲದ ಒಂದು ಕೂದಲು ಕಟ್ಟಿ, ಅದನ್ನು ಬೆರಳುಗಳ ನಡುವೆ ಹಿಡಿದು ಎಳೆಯುತ್ತಾರೆ. ಪಿಟೀಲು ನರಳುತ್ತೆ, ಗಂಟಲು ಕಟ್ಟಿದ ಮುದುಕನ ದನಿಯ ಹಾಗೆ. ಆಗ ಅವರಿಗೆ 67 ವರ್ಷ.