ಇನ್ನೊಂದ್ ಸಲ ನೀರು ಹುಯ್ತೀರಾ, ಫಾದರ್?

"ಫಾದರ್, ಇನ್ನೊಂದ್ ಸಲ ನೀರು ಹುಯ್ತೀರಾ? ಮಗು ತಲೆ ತಿರುಗಿಸ್ಬಿಡ್ತು, ಸರಿಯಾಗಿ ಬರ್ಲಿಲ್ಲ."

ಹೀಗೆ ಕೇಳಿದ್ದು ಫೋಟೋಗ್ರಾಫರ್ ಹುಡುಗ. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಮದುವೆ ಮನೆಯಲ್ಲಿ ಹಾರವನ್ನು ಮೂರು ಮೂರು ಸಲ ಹಾಕಿಸಿ ಫೋಟೋ ತೆಗೆಯುವ ಕಾಲ ಇದು. ಆದರೆ ತಲೆಗೆ ನೀರು ಹುಯ್ದು ಕ್ರೈಸ್ತ ಸಭೆಗೆ ಸೇರಿಸುವ ಈ ದೀಕ್ಷಾಸ್ನಾನ ಅನ್ನೋದು ಒಬ್ಬರಿಗೆ ಜೀವನದಲ್ಲಿ ಒಂದೇ ಸಲ. ಎರಡನೇ ಸಲ ಹುಯ್ಯಲು ನನಗೆ ಅಧಿಕಾರವೇ ಇಲ್ಲ. "ಆಗಲ್ಲಪ್ಪ, ಬೇಕಾದರೆ ನೀರು ಹುಯ್ಯುವ ಚಿಪ್ಪನ್ನು ಖಾಲಿ ಹಿಡಿದು ನಿಲ್ಲುತ್ತೇನೆ, ತೆಗ್ದುಕೋ" ಅಂದೆ. ಅವನು ತೆಗೆದುಕೊಂಡ. ಮಗು ಅಷ್ಟರಲ್ಲಿ ನಿದ್ದೆ ಹೋಗಿತ್ತು.

ಹಾಗಂತ ವಿಡಿಯೊ ಬೇಡ ಅನ್ನುವವನಲ್ಲ ನಾನು. ಅಮೆರಿಕದ ಡೆಟ್ರಾಯಿಟ್‌ನಲ್ಲಿ 2020ರಲ್ಲಿ ನನ್ನಂಥ ಒಬ್ಬ ಗುರುಗಳು, ಅಂದರೆ ಪಾದ್ರಿ, 1990ರಲ್ಲಾದ ತಮ್ಮದೇ ದೀಕ್ಷಾಸ್ನಾನದ ಹಳೇ ವಿಡಿಯೊ ಹಾಕಿಕೊಂಡು ನೋಡಿದರು. ಅವತ್ತು ಸ್ನಾನ ಕೊಟ್ಟ ಡೀಕನ್ (ಗುರುಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಸೇವಕರು) "ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ" ಅನ್ನುವ ಬದಲು "ನಾವು ಕೊಡುತ್ತೇವೆ" ಅಂದಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ರೋಮ್, ಅಂದರೆ ವ್ಯಾಟಿಕನ್, ಸ್ಪಷ್ಟವಾಗಿ ಹೇಳಿತ್ತು, 'ನಾವು' ಅಂದರೆ ಆ ಸ್ನಾನ ಸಿಂಧುವಲ್ಲ ಅಂತ. ಅಂದರೆ ಇವರಿಗೆ ದೀಕ್ಷಾಸ್ನಾನವೇ ಆಗಿರಲಿಲ್ಲ, ಆಗದವರಿಗೆ ಪಾದ್ರಿಯಾಗುವ ಗುರುದೀಕ್ಷೆಯೂ ನಿಲ್ಲಲ್ಲ. ಎಲ್ಲವನ್ನೂ ಮೊದಲಿನಿಂದ ಪಡೆಯಬೇಕಾಯಿತು. ಒಂದು ಪದಕ್ಕೆ! ಅದನ್ನು ಓದಿದ ಮೇಲೆ ನಾನಂತೂ "ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ" ಅನ್ನುವಾಗ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಮೈಕಿಗೆ ಕೇಳಲಿ ಅಂತ.

ಚಿಕ್ಕಮಗಳೂರಿನ ಕಾಫಿ ತೋಟಗಳ ಕಡೆ, ಬೆಂಗಳೂರಿನಲ್ಲಿ, ಎರಡೂ ಕಡೆ ಧರ್ಮಕೇಂದ್ರ, ಅಂದರೆ ಒಂದು ಚರ್ಚ್ ಮತ್ತು ಅದರ ಜನರನ್ನು, ನೋಡಿಕೊಂಡಿದ್ದೇನೆ. ಫೋನ್ ಬರುವುದು ಮಾತ್ರ ಎಲ್ಲ ಕಡೆ ಒಂದೇ ಥರ. "ಫಾದರ್, ಡಿಸೆಂಬರ್ 28ಕ್ಕೆ ಹಾಲ್ ಸಿಕ್ಕಿದೆ, ಅವತ್ತು ಇಟ್ಕೊಳ್ಳಬಹುದಾ?" ಹಾಲ್ ಮೊದಲು, ಚರ್ಚ್ ಆಮೇಲೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಸ್ನಾನ ಕೊಡಿಸಿ ಅನ್ನುತ್ತದೆ ನಮ್ಮ ಕಥೋಲಿಕ ಸಭೆಯ ಕಾನೂನು. ಆದರೆ ಅಪ್ಪ ದುಬೈಯಲ್ಲಿ, ರಜೆ ಸಿಗುವುದು ಕ್ರಿಸ್‌ಮಸ್‌ಗೆ. ಅಷ್ಟರಲ್ಲಿ ಮಗು ಎದ್ದು ಓಡಾಡುತ್ತಿರುತ್ತದೆ, ಚಿಪ್ಪನ್ನು ನನ್ನ ಕೈಯಿಂದಲೇ ಕಿತ್ತುಕೊಳ್ಳುತ್ತದೆ. ಇರಲಿ, ಊಟಕ್ಕೆ ನನ್ನ ತಕರಾರಿಲ್ಲ. ಬಫಾತ್ ಮಸಾಲೆಯ ಮಾಂಸ ಮಾಡಿಸಿ, ಇಡ್ಲಿಯಂಥ ಸಣ್ಣ ಬೇಯಿಸಿ, ಕೇಕ್ ಕತ್ತರಿಸಿ. ನನ್ನ ತಕರಾರು ಬೇರೆ. ಮೆನು ಬಗ್ಗೆ ಆರು ಸಲ ಮಾತಾಡುವ ಮನೆಯವರು ಎರಡು ವಿಷಯ ನನ್ನನ್ನು ಕೇಳುವುದೇ ಇಲ್ಲ. ಮಗುವನ್ನು ನಂಬಿಕೆಯಲ್ಲಿ ನಡೆಸುವ ಜ್ಞಾನತಂದೆ-ಜ್ಞಾನತಾಯಿ (ಗಾಡ್‌ಫಾದರ್, ಗಾಡ್‌ಮದರ್) ಯಾರಾಗಬೇಕು? ಚರ್ಚಿನ ಸ್ನಾನದ ರಿಜಿಸ್ಟರ್‌ನಲ್ಲಿ ಏನು ಬರೆಯುತ್ತೀರಿ?

ಮೊದಲನೆಯದು. ಒಬ್ಬರಿದ್ದರೂ ಸಾಕು. ಇಬ್ಬರಿದ್ದರೆ ಒಬ್ಬರು ಗಂಡಸು, ಒಬ್ಬರು ಹೆಂಗಸು. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ಕಥೋಲಿಕರಾಗಿರಬೇಕು, ದೃಢೀಕರಣ (ಸ್ನಾನದ ನಂಬಿಕೆಯನ್ನು ಗಟ್ಟಿಮಾಡುವ ಸಂಸ್ಕಾರ) ಮತ್ತು ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿ) ಪಡೆದಿರಬೇಕು, ಮಗುವಿನ ಅಪ್ಪ-ಅಮ್ಮ ಆಗಿರಬಾರದು. ಸಿಎಸ್‌ಐನಂಥ ಪ್ರೊಟೆಸ್ಟಂಟ್ ಸಭೆಯ ಅಳಿಯನೋ ಗೆಳೆಯನೋ ಇದ್ದರೆ ಕಥೋಲಿಕ ಜ್ಞಾನಪೋಷಕರ ಜೊತೆ ಸಾಕ್ಷಿಯಾಗಿ ನಿಲ್ಲಬಹುದು. ಇಷ್ಟೇ ಕಾನೂನು. ಆದರೆ ಆಗುವುದೇನು? ತೋಟದ ಸಾಹುಕಾರರು ಚೆನ್ನಾಗಿ ನೋಡಿಕೊಂಡಿದ್ದಾರೆ, ಅವರನ್ನೇ ನಿಲ್ಲಿಸೋಣ ಅಂತ. ಕಂಪನಿಯ ಮ್ಯಾನೇಜರ್ ಬರುತ್ತಾರೆ, ಬಂಗಾರದ ಸರ ತರುತ್ತಾರೆ ಅಂತ. ಸರ ಬರುತ್ತದೆ, ಸುಳ್ಳಲ್ಲ. ಮಗುವಿಗೆ ಹತ್ತು ವರ್ಷ ಆದಾಗ ಜ್ಞಾನತಂದೆ ಯಾರು ಅಂತ ಕೇಳಿದರೆ ಮಗು ಅಮ್ಮನ ಮುಖ ನೋಡುತ್ತದೆ. ನಾನು ಹೇಳುವುದಿಷ್ಟೇ: ನಿಮ್ಮ ಮನೆಗೆ ಹೇಳದೆ ಕೇಳದೆ ಬಂದು ಅಡುಗೆಮನೆಯಲ್ಲೇ ಕೂತು ಚಹಾ ಕುಡಿಯುವ ಚಿಕ್ಕಮ್ಮನೋ ಸೋದರಮಾವನೋ ಇದ್ದಾರಲ್ಲ, ಅವರನ್ನು ಕೇಳಿ.

ಎರಡನೆಯದು ರಿಜಿಸ್ಟರ್. ಇದರ ಬೆಲೆ ಗೊತ್ತಾಗುವುದು ಇಪ್ಪತ್ತೈದು ವರ್ಷ ಆದ ಮೇಲೆ. ಹೋದ ವರ್ಷ ಒಬ್ಬಳು ಹುಡುಗಿ ಮದುವೆಗೆ ಸರ್ಟಿಫಿಕೇಟ್ ಬೇಕು ಅಂತ ಬಂದಳು. ಆಧಾರ್, ಮಾರ್ಕ್ಸ್ ಕಾರ್ಡ್, ಎಲ್ಲದರಲ್ಲೂ ಸ್ಮಿತಾ. ನಮ್ಮ ಪುಸ್ತಕದಲ್ಲಿ ಆ ತಾರೀಕಿಗೆ ಸ್ಮಿತಾ ಅನ್ನುವವಳೇ ಇಲ್ಲ, ಮೇರಿ ಫಿಲೋಮಿನಾ ಇದ್ದಾಳೆ. ಹಳೇ ಕಾನೂನಿನಲ್ಲಿ, ಅಂದರೆ 1917ರದ್ದರಲ್ಲಿ, ಮನೆಯವರು ಸಂತರ ಹೆಸರು ಇಡದಿದ್ದರೆ ಗುರುಗಳೇ ಒಂದು ಸೇರಿಸಿ ಎರಡನ್ನೂ ಬರೆಯಬೇಕಿತ್ತು. 1983ರ ಕಾನೂನು ಅದನ್ನು ಸಡಿಲಿಸಿತು, ಕ್ರೈಸ್ತ ಭಾವನೆಗೆ ಹೊರತಾಗದ ಹೆಸರು ಆದರೆ ಸಾಕು. ಕಾನೂನು ಬದಲಾದರೂ ಕೈ ಬದಲಾಗಲಿಲ್ಲ, ಆ ಕಾಲದ ಗುರುಗಳು ಸಂತರ ಹೆಸರಷ್ಟೇ ಬರೆದು ಸ್ಮಿತಾಳನ್ನು ಬಿಟ್ಟುಬಿಟ್ಟಿದ್ದರು. ಇದರ ಜೊತೆಗೆ ಮಂಗಳೂರು ಕಡೆಯ ಮನೆಗಳಲ್ಲಿ ಇನ್ನೊಂದು ಪದ್ಧತಿ, ಮೊದಲ ಮಗುವಿಗೆ ಅಪ್ಪನ ಕಡೆಯ ಅಜ್ಜ-ಅಜ್ಜಿಯ ಹೆಸರು, ಎರಡನೆಯದಕ್ಕೆ ಅಮ್ಮನ ಕಡೆಯದು. ಹೀಗಾಗಿ ಒಂದೇ ಮನೆಯಲ್ಲಿ ನಾಲ್ಕು ಜನ ಫಿಲೋಮಿನಾ! ಯಾವ ಫಿಲೋಮಿನಾ ಈ ಸ್ಮಿತಾ ಅಂತ ಗೊತ್ತು ಮಾಡಲು ಅವಳ ಜ್ಞಾನತಾಯಿಯನ್ನೇ ಕರೆಸಬೇಕಾಯಿತು. ಆ ಅಮ್ಮ ಸರಿಯಾಗಿ ನೆನಪಿಟ್ಟುಕೊಂಡಿದ್ದರು. ಅವತ್ತು ಮಳೆ ಬಂದು ಶಾಮಿಯಾನ ಬಿದ್ದಿತ್ತಂತೆ.

ಇಷ್ಟೊಂದು ಯಾಕೆ ಅಂತ ಅನ್ನಿಸಬಹುದು. ಸ್ನಾನದ ರಿಜಿಸ್ಟರ್ ಬರೀ ಒಂದು ದಿನದ ದಾಖಲೆ ಅಲ್ಲ. ದೃಢೀಕರಣ ಆದರೆ, ಮದುವೆ ಆದರೆ, ಗುರುದೀಕ್ಷೆ ಆದರೆ, ಅದೆಲ್ಲ ಅದೇ ಸಾಲಿನ ಪಕ್ಕದ ಅಂಚಿಗೆ ಬರುತ್ತದೆ. ಮದುವೆಯನ್ನು ಅಲ್ಲಿ ಬರೆಯುವ ನಿಯಮ 1908ರಿಂದ ಇದೆ. ಅದಕ್ಕೇ ಮನೆಯಲ್ಲಿರುವ ಹಳೇ ಸರ್ಟಿಫಿಕೇಟ್ ನಡೆಯಲ್ಲ, ಮದುವೆಗೆ ಹೊಸ ಪ್ರತಿ ತನ್ನಿ ಅನ್ನುವುದು. ತಪ್ಪಿದ್ದರೆ ಹೊಡೆದು ತಿದ್ದುವ ಹಾಗಿಲ್ಲ, ಧರ್ಮಾಧ್ಯಕ್ಷರ (ಬಿಷಪ್) ಕಚೇರಿಯ ಒಪ್ಪಿಗೆ ಪಡೆದು ಅಂಚಿನಲ್ಲಿ ಬರೆಯಬೇಕು.

ಹಾಗೆಂದು ಇದನ್ನೇ ಜನನ ಪತ್ರ ಅಂದುಕೊಂಡವರೂ ಇದ್ದಾರೆ. ಅಲ್ಲ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಗುವಿಗೆ ಶಾಲೆ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಯಾವುದಕ್ಕಾದರೂ ಹುಟ್ಟಿದ ತಾರೀಕಿಗೆ ಸರ್ಕಾರದ ಜನನ ಪ್ರಮಾಣಪತ್ರವೇ ಬೇಕು. 21 ದಿನದೊಳಗೆ ನೋಂದಣಿ ಮಾಡಿಸಿ. ಹೆಸರು ಇನ್ನೂ ಗೊತ್ತಾಗಿಲ್ಲವಾ? ಹೆಸರಿಲ್ಲದೇ ಮಾಡಿಸಬಹುದು, ಒಂದು ವರ್ಷದೊಳಗೆ ಸೇರಿಸಿದರೆ ಶುಲ್ಕ ಇಲ್ಲ. ಆ ಹೆಸರನ್ನೇ, ಅದೇ ಸ್ಪೆಲ್ಲಿಂಗ್‌ನಲ್ಲಿ ನನ್ನ ಹತ್ತಿರ ತನ್ನಿ. ಅಜ್ಜಿಯ ಹೆಸರು ಇಡಲೇಬೇಕು ಅಂತ ಮನೆಯಲ್ಲಿ ಜಗಳ ಇದ್ದರೆ ಎರಡನ್ನೂ ಸೇರಿಸಿ ಎರಡೂ ಕಡೆ ಹಾಕಿಸಿ. ಒಂದು ಕಡೆ ಅದು, ಒಂದು ಕಡೆ ಇದು ಬೇಡ.

ನಾಚಿಕೆಯಿಂದ ಬರದೇ ಉಳಿಯುವವರಿಗೆ ಒಂದು ಮಾತು. ತಾಯಿ ಒಬ್ಬಳೇ ಇದ್ದರೂ ಮಗುವಿಗೆ ದೀಕ್ಷಾಸ್ನಾನ ಆಗುತ್ತದೆ. ತಂದೆ-ತಾಯಿಯಲ್ಲಿ ಒಬ್ಬರು ಹಿಂದೂ ಆಗಿದ್ದರೂ ಆಗುತ್ತದೆ, ಒಬ್ಬರ ಒಪ್ಪಿಗೆ ಸಾಕು, ಮಗು ಆ ನಂಬಿಕೆಯಲ್ಲಿ ಬೆಳೆಯುತ್ತದೆ ಅನ್ನುವ ಭರವಸೆ ಇರಬೇಕು ಅಷ್ಟೆ. ಪೋಪ್ ಫ್ರಾನ್ಸಿಸ್ ಅವರೇ 2014ರ ಜನವರಿಯಲ್ಲಿ ಸಿಸ್ಟೀನ್ ಚಾಪೆಲ್‌ನಲ್ಲಿ 32 ಮಕ್ಕಳಿಗೆ ಸ್ನಾನ ಕೊಟ್ಟಾಗ, ಚರ್ಚ್‌ನಲ್ಲಿ ಮದುವೆಯಾಗದ ದಂಪತಿಯ ಮಗುವೂ ಅದರಲ್ಲಿತ್ತು.

ಆಸ್ಪತ್ರೆಯ ವಿಷಯವನ್ನೂ ಹೇಳಿಬಿಡುತ್ತೇನೆ. ತಿಂಗಳು ತುಂಬದೆ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿರುವ (ಇನ್‌ಕ್ಯುಬೇಟರ್) ಮಗುವಿನ ಜೀವಕ್ಕೆ ಅಪಾಯ ಅಂದಾಗ ಫಾದರ್ ಬರಲಿ ಅಂತ ಕಾಯಬೇಡಿ. ಯಾರು ಬೇಕಾದರೂ ಕೊಡಬಹುದು, ಕ್ರೈಸ್ತಳಲ್ಲದ ನರ್ಸ್ ಕೂಡ. ಸಭೆ ಮಾಡುವುದನ್ನೇ ಮಾಡಬೇಕು ಅನ್ನುವ ಮನಸ್ಸಿರಬೇಕು, ತಲೆಗೆ ನೀರು ಹಾಕುತ್ತಾ "ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ" ಅನ್ನುವ ಆ ಒಂದು ವಾಕ್ಯ ಹೇಳಬೇಕು, ಮುಗಿಯಿತು. ನನ್ನ ಹಳೇ ಧರ್ಮಕೇಂದ್ರದಲ್ಲಿ ಹಾಗೆ ಬದುಕಿಕೊಂಡ ಮಗು ಒಂದಿತ್ತು. ಮನೆಯವರು ಆರು ತಿಂಗಳ ನಂತರ ದೊಡ್ಡದಾಗಿ ಮಾಡೋಣ ಅಂತ ಬಂದರು. ಎಣ್ಣೆ ಹಚ್ಚಿದೆ, ಬಿಳಿ ವಸ್ತ್ರ ಹೊದಿಸಿದೆ, ಈಸ್ಟರ್‌ಗೆ ಹಚ್ಚುವ ದೊಡ್ಡ ಪಾಸ್ಖ ಮೊಂಬತ್ತಿಯಿಂದ ದೀಪ ಹಚ್ಚಿಕೊಟ್ಟೆ. ನೀರು ಮಾತ್ರ ಹುಯ್ಯಲಿಲ್ಲ, ಅದು ಆಸ್ಪತ್ರೆಯಲ್ಲೇ ಆಗಿತ್ತಲ್ಲ. ಅಜ್ಜಿಗೆ ತುಂಬಾ ಬೇಜಾರಾಯಿತು. "ನೀರೇ ಇಲ್ಲದ ಸ್ನಾನವಾ?" ಅಂದರು.

ಇನ್ನು ಆ ದಿನದ ಸಣ್ಣಪುಟ್ಟ ಸಂಗತಿಗಳು. ಗೌನಿಗೆ ಮುಂದೆ ಗುಂಡಿ ಇರಲಿ, ಎದೆಗೆ ಎಣ್ಣೆ ಹಚ್ಚಬೇಕು, ಕತ್ತಿನವರೆಗೆ ಲೇಸ್ ಬಿಗಿದರೆ ನಾನೇನು ಮಾಡಲಿ? ಮಲೆನಾಡಿನ ಡಿಸೆಂಬರ್ ಬೆಳಿಗ್ಗೆಗೆ ನೀರು ಉಗುರು ಬೆಚ್ಚಗೆ ಮಾಡಿಸುತ್ತೇವೆ, ಫ್ಲಾಸ್ಕ್ ತರಬೇಡಿ. ಮಗು ಹಸಿದು ಅತ್ತರೆ ಹಾಲು ಕೊಡಿ, ಸಂಕೋಚ ಬೇಡ. ಸಿಸ್ಟೀನ್ ಚಾಪೆಲ್‌ನಲ್ಲೇ ಪೋಪ್ ಫ್ರಾನ್ಸಿಸ್ ತಾಯಂದಿರಿಗೆ ಹೀಗೆ ಹೇಳಿದ್ದರು.

ಮತ್ತೆ, ವಿವರಗಳನ್ನು ಭಾನುವಾರ ಬಲಿಪೂಜೆ ಮುಗಿದ ಗದ್ದಲದಲ್ಲಿ ಬರೆಸಬೇಡಿ. ಎರಡು ದಿನ ಮೊದಲೇ ಜನನ ಪತ್ರ ಹಿಡಿದುಕೊಂಡು ಕಚೇರಿಗೆ ಬನ್ನಿ. ಬರೆದ ಸಾಲನ್ನು ನಿಮಗೇ ತಿರುಗಿಸಿ ತೋರಿಸುತ್ತೇನೆ. ಕಳೆದ ತಿಂಗಳು ಒಬ್ಬ ಅಜ್ಜ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. ಮಗುವಿನ ಹೆಸರು ಸರಿ, ಊರು ಸರಿ, ತಾರೀಕು ಸರಿ. "ಫಾದರ್, ನನ್ನ ಸೊಸೆ ಹೆಸರಲ್ಲಿ ಒಂದು 'ಐ' ಬಿಟ್ಟಿದ್ದೀರಿ" ಅಂದರು. ಬಿಟ್ಟಿದ್ದೆ.